ಒಂಟಿ ಕೀಯ ಕಾರು

ಮನೆಯಲ್ಲಿ ಒಂದೇ ಒಂದು ಇರುವ ವಸ್ತುವಿನ ಬಗ್ಗೆ ನನಗೆ ಮೊದಲಿನಿಂದಲೂ ಭಯ. ಎರಡಿದ್ದರೆ ಒಂದು ಹೋದರೆ ಹೋಗಲಿ ಎಂಬ ಧೈರ್ಯವಿರುತ್ತದೆ. ಒಂದೇ ಇದ್ದರೆ ಅದು ನಮ್ಮ ವಸ್ತುವಾಗಿ ಉಳಿಯುವುದಿಲ್ಲ, ನಾವೇ ಅದರ ಆಳುಗಳಾಗಿಬಿಡುತ್ತೇವೆ. ಒಂದೇ ಹಲ್ಲು ಉಳಿದಿರುವ ಅಜ್ಜ ಅದನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ಬಾಯಿತುಂಬ ಹಲ್ಲಿರುವವರು ನೋಡಿಕೊಳ್ಳುವುದನ್ನು ಎಲ್ಲಾದರೂ ಕಂಡಿದ್ದೀರಾ? ನಾನು ಮೂಡಿಗೆರೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ಅಂಗಡಿಯಲ್ಲಿ ಕತ್ತರಿಗಳು ಬೇಕಾದಷ್ಟಿವೆ. ಅಳತೆ ಟೇಪುಗಳಂತೂ ಹಿತ್ತಲ ಬಳ್ಳಿಯ ಹಾಗೆ ಎಲ್ಲೆಂದರಲ್ಲಿ ಜೋತಾಡುತ್ತವೆ. ಆದರೂ ಬೇಕಾದಾಗ ಒಂದೂ ಸಿಗದೆ, ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಅಳತೆ ಕೊಡಲು ಬಂದವರೇ ನನ್ನ ಕುತ್ತಿಗೆಯನ್ನು ತೋರಿಸುತ್ತಾರೆ. ಇಂಥ ನಾನು, ಎಲ್ಲ ತಿಳಿದೂ ತಿಳಿದೂ, ಒಂದೇ ಕೀ ಇರುವ ಹಳೆಯ ಕಾರೊಂದನ್ನು ಕೊಂಡುಬಿಟ್ಟೆ.

ಕಾರು ಬೇಕಾದದ್ದು ಶೋಕಿಗಲ್ಲ. ಎಸ್ಟೇಟು ಮನೆಗಳ ಹೆಂಗಸರು ಬ್ಲೌಸಿಗೆಂದು ಅಂಗಡಿಗೆ ಬರುವುದಕ್ಕಿಂತ ನಾನೇ ಅಲ್ಲಿಗೆ ಹೋಗುವುದು ಹೆಚ್ಚು. ಸ್ಕೂಟರಿನ ಮೇಲೆ ಬಟ್ಟೆಯ ಗಂಟು ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದ್ದೇನೆ. ಜೂನ್ ಬಂತೆಂದರೆ ಎಂಥ ರೇಷ್ಮೆ ಬ್ಲೌಸಿಗೂ ಗೊಬ್ಬರದ ಚೀಲದ ಪ್ಲಾಸ್ಟಿಕ್ಕೇ ಗತಿ. ಮದುಮಗಳ ಬ್ಲೌಸಿನಲ್ಲಿ ಒಮ್ಮೆ ಯೂರಿಯಾ ವಾಸನೆ ಬಂದಿತೆಂದು ದೂರು ಬಂದ ಮೇಲೆ, ನೆರೆತ ಕೂದಲಿನ ಈ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಸೇರಿದೆ. ಕಲಿಸುವವರ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು. ಆ ಪಾದಕ್ಕೆ ನಾನಷ್ಟೇ ಅಲ್ಲ, ಮೂಡಿಗೆರೆ ಪೇಟೆಯ ಬಹಳ ಜನ ಋಣಿಗಳಾಗಿರಬೇಕು. ನಮ್ಮವರು ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಲೆಕ್ಕ ಬರೆಯುವುದರಲ್ಲಿ ಗಟ್ಟಿಗರೇ ಹೊರತು ಕಾರಿನ ಸ್ಟೇರಿಂಗ್ ಮುಟ್ಟಿದವರಲ್ಲ. ಹಾಗಾಗಿ ಕಾರಿನ ಬಗ್ಗೆ ಅವರ ಅಭಿಪ್ರಾಯಗಳಿಗೆ ಯಾವ ಅನುಭವದ ಅಡ್ಡಿಯೂ ಇರಲಿಲ್ಲ.

ಕಾರು ಸಿಕ್ಕಿದ್ದು ನನ್ನ ಗಿರಾಕಿ ವಿಶಾಲಾಕ್ಷಿಯಿಂದ. ತವರು ನಮ್ಮ ಮೂಡಿಗೆರೆ, ಕೊಟ್ಟ ಮನೆ ಮಲ್ಲಂದೂರಿನ ಕಡೆ. ಊರು ಬಿಟ್ಟರೂ ಟೈಲರನ್ನು ಬಿಡದ ಹೆಂಗಸು. ಅವಳ ಮಾವ ಸುಬ್ಬೇಗೌಡರಿಗೆ ಎಂಬತ್ತು ದಾಟಿತ್ತು. ತುಂಬು ಮನೆಯ ಯಜಮಾನರು, ಆಡಿದ ಮಾತು ನಡೆಯುವ ಮನುಷ್ಯ. ಒಂದು ದಿನ ಪೇಟೆಯಿಂದ ವಾಪಸು ಬರುವಾಗ ಅವರ ಕಾರು ಗೇಟಿನ ಬಳಿ ಎಡಕ್ಕೆ ತಿರುಗುವ ಬದಲು ನೇರವಾಗಿ ಕಣಕ್ಕೆ ನುಗ್ಗಿ, ಒಣಹಾಕಿದ್ದ ಕಾಫಿಯ ಮೇಲೆ ಈ ತುದಿಯಿಂದ ಆ ತುದಿಗೆ ಹೋಗಿ ನಿಂತಿತಂತೆ. ಕಾಫಿ ಹರವುತ್ತಿದ್ದ ಹೆಂಗಸರು ಮೆರವಣಿಗೆಗೆ ದಾರಿ ಬಿಡುವವರಂತೆ ಎರಡೂ ಕಡೆ ಸರಿದು ನಿಂತರಂತೆ. ಗೌಡರು ಇಳಿದು, ಕಾಫಿ ಇನ್ನೂ ಎರಡು ಬಿಸಿಲು ಒಣಗಬೇಕು ಎಂದಷ್ಟೇ ಹೇಳಿ ಮನೆಯೊಳಗೆ ಹೋದರಂತೆ. ಅಂದು ಸಂಜೆಯೇ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಸೇರಿ ಕಾರು ಮಾರುವುದೆಂದು ತೀರ್ಮಾನಿಸಿದರು.

ನಾನು ಕಾರು ತರಲು ಹೋದಾಗ ಗೌಡರು ಹೆಣ್ಣು ಕಳಿಸಿಕೊಡುವ ತಂದೆಯ ಹಾಗೆ ನಿಂತಿದ್ದರು. ಎರಡನೇ ಗೇರಿಗೆ ಸ್ವಲ್ಪ ಪುಸಲಾಯಿಸಬೇಕು, ಬೆಳಗಿನ ಚಳಿಯಲ್ಲಿ ಅವಸರ ಮಾಡಬಾರದು, ಏರಿನಲ್ಲಿ ಅದಕ್ಕೆ ಬೈಯಬಾರದು ಎಂದು ಒಂದೊಂದಾಗಿ ಹೇಳಿದರು. ಇನ್ನೊಂದು ಕೀ ಎಲ್ಲಿ ಎಂದು ನಾನು ಕೇಳಿದ್ದಕ್ಕೆ, ಮನೆಯಲ್ಲೇ ಎಲ್ಲೋ ಇದೆ, ಸಿಕ್ಕಿದ ಕೂಡಲೇ ಕಳಿಸುತ್ತೇನೆ ಎಂದರು. ಅಷ್ಟು ದೊಡ್ಡ ಮನೆ, ಅಷ್ಟು ಹಿರಿಯರು. ಮರುಮಾತಾಡಲು ಸಂಕೋಚವಾಗಿ ಒಂಟಿ ಕೀ ಹಿಡಿದುಕೊಂಡು ಬಂದೆ.

ಆ ಕೀ ನಮ್ಮ ಮನೆಯ ಹೊಸಿಲು ದಾಟಿದ ದಿನದಿಂದ ಅದರದ್ದೇ ದರ್ಬಾರು. ನನ್ನ ಕೈಯಲ್ಲಿ ವಸ್ತುಗಳು ಉಳಿಯುವುದಿಲ್ಲವೆಂದು ಬಲ್ಲ ನಮ್ಮವರು, ಹಿಂದೆ ನಮ್ಮ ಮನೆಯಲ್ಲಿದ್ದ ಕಪ್ಪು ಹಸುವಿನ ಕೊರಳ ಗಂಟೆಯನ್ನು ಅಟ್ಟದಿಂದ ಹುಡುಕಿ ತಂದು ಅದಕ್ಕೆ ಕಟ್ಟಿದರು. ಎಲ್ಲಿ ಬಿದ್ದರೂ ಸದ್ದಾಗಬೇಕು ಎಂಬ ಲೆಕ್ಕ. ಸದ್ದೇನೋ ಆಗುತ್ತಿತ್ತು. ಆದರೆ ನಾನು ಪೇಟೆಯಲ್ಲಿ ನಡೆದರೆ ಜನ ದನ ಬಂತೆಂದು ಪಕ್ಕಕ್ಕೆ ಸರಿಯುತ್ತಿದ್ದರು. ನಮ್ಮ ಅತ್ತೆಗೆ ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಬೆಲೆಬಾಳುವ ವಸ್ತುವಿಗೆ ದೇವರ ಮನೆಗಿಂತ ಭದ್ರವಾದ ಜಾಗ ಇಲ್ಲವೆಂದು, ಪ್ರತಿ ಸಂಜೆ ಕೀಯನ್ನು ನನ್ನ ಕೈಯಿಂದ ಇಸಿದುಕೊಂಡು ದೇವರ ಪಕ್ಕದಲ್ಲಿಟ್ಟು ಬರತೊಡಗಿದರು. ತೊಂದರೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಸ್ನಾನ ಮಾಡದೆ ದೇವರ ಮನೆಗೆ ಕಾಲಿಡುವಂತಿಲ್ಲ. ಕಾರು ಮುಂದೆ ಸರಿಸಬೇಕೆಂದರೂ ಸ್ನಾನ, ಡಿಕ್ಕಿಯಲ್ಲಿ ಉಳಿದ ಹಾಲಿನ ಪ್ಯಾಕೆಟ್ ತರಬೇಕೆಂದರೂ ಸ್ನಾನ. ಚಳಿಗಾಲದ ಬೆಳಗುಗಳಲ್ಲಿ ಕಾರಿನ ದೆಸೆಯಿಂದ ನಾನು ಮಿಂದಷ್ಟು ಹರಕೆ ಹೊತ್ತವರೂ ಮಿಂದಿರಲಿಕ್ಕಿಲ್ಲ. ತಿಂಗಳ ಕೆಲವು ದಿನ ನಮ್ಮವರೇ ಅರ್ಚಕರಂತೆ ಹಣೆಗೆ ವಿಭೂತಿ ಬಳಿದುಕೊಂಡು ಕೀಯನ್ನು ತಂದು ಕೈಗೆ ಹಾಕುತ್ತಿದ್ದರು. ನಾನು ಅಭ್ಯಾಸಬಲದಿಂದ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ.

ಇನ್ನೊಂದು ಕೀ ಮಾಡಿಸದೆ ಗತಿಯಿಲ್ಲವೆಂದು ಚಿಕ್ಕಮಗಳೂರಿಗೆ ಹೋದೆ. ಅಲ್ಲಿ ಒಂದು ಗಲ್ಲಿಯ ಬಾಯಲ್ಲಿ ಅನ್ವರ್ ಎಂಬವರ ಸಣ್ಣ ಕೀ ಅಂಗಡಿ. ಗೋಡೆಯ ತುಂಬ ಕೀಗಳು, ನಡುವೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಸದಾ ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿರುವ ಅನ್ವರ್. ಗಂಟೆ ಕಟ್ಟಿದ ನನ್ನ ಕೀಯನ್ನು ತಿರುಗಿಸಿ ನೋಡಿ, ಇದರೊಳಗೆ ಚಿಪ್ ಇದೆ, ಬರೀ ಹಲ್ಲು ಕೊರೆದರೆ ಆಗುವುದಿಲ್ಲ, ಕಾರಿಗೆ ಕೀಯ ಗುರುತು ಸಿಗಬೇಕು, ಗುರುತು ಸಿಗದಿದ್ದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ ಎಂದರು. ಗುರುತು ಮಾಡಿಸುವ ಯಂತ್ರ ಹಾಸನದ ತಮ್ಮ ಸ್ನೇಹಿತರೊಬ್ಬರ ಹತ್ತಿರ ಇದೆ, ಅವರು ಬಂದಾಗ ಮಾಡಿಕೊಡೋಣ, ನಾಳೆ ಫೋನ್ ಮಾಡಿ ಎಂದರು. ಮನೆಗೆ ಬಂದು ಹೇಳಿದರೆ ಅತ್ತೆ, ಕೀಲಿಯೊಳಗೆ ಯಾಕಮ್ಮ ಚಿಪ್ಪು ಇಡುತ್ತಾರೆ, ತೆಂಗಿನದೋ ಆಮೆಯದೋ ಎಂದು ಕೇಳಿದರು. ನಮ್ಮವರು ವಿವರಿಸಲು ಹೊರಟು, ಹಿಂದಿನಿಂದ ಬಂದರೂ ದನಕ್ಕೆ ಯಜಮಾನನ ಗುರುತು ಸಿಗುವುದಿಲ್ಲವೇ, ಹಾಗೆ ಎಂದರು. ಅತ್ತೆಗೆ ತಕ್ಷಣ ಅರ್ಥವಾಯಿತು. ನನಗೇ ಸ್ವಲ್ಪ ಗೊಂದಲವಾದದ್ದು.

ಮರುದಿನ ಫೋನ್ ಮಾಡಿದೆ, ನಾಳೆ ಎಂದರು. ಮತ್ತೆ ಮಾಡಿದೆ, ಸ್ನೇಹಿತರಿಗೆ ಹುಷಾರಿಲ್ಲ, ನಾಳೆ ನಾಡಿದ್ದರಲ್ಲಿ ಖಂಡಿತ ಎಂದರು. ಅವರ ದನಿಯಲ್ಲಿ ಎಷ್ಟು ವಿನಯ, ಎಷ್ಟು ಭರವಸೆಯಿತ್ತೆಂದರೆ ಸಿಟ್ಟು ಬರುವ ಬದಲು ನನಗೆ ಏನೋ ಪರಿಚಯದ ಭಾವ ಬಂತು. ಈ ಮಾತು, ಈ ರಾಗ, ಮಾತಿನ ಕೊನೆಗಿನ ಈ ಸಣ್ಣ ನಗು, ಇವನ್ನೆಲ್ಲ ಎಲ್ಲೋ ಕೇಳಿದ್ದೇನಲ್ಲ ಎಂದು ಯೋಚಿಸುತ್ತಾ ಕೂತಿದ್ದಾಗ ಬಾಗಿಲಲ್ಲಿ ಗಿರಾಕಿಯೊಬ್ಬರು ಬಂದು ಬ್ಲೌಸ್ ಆಯಿತಾ ಎಂದರು. ನನ್ನ ಬಾಯಿಂದ ಉತ್ತರ ತಾನಾಗಿಯೇ ಹೊರಟಿತು. ಅನ್ವರ್ ಮಾತಾಡಿದ ಹಾಗೇ ಇತ್ತು. ಆಮೇಲೆ ಅವರ ಮೇಲೆ ಕೋಪಿಸಿಕೊಳ್ಳುವ ಯಾವ ಹಕ್ಕೂ ನನಗೆ ಉಳಿಯಲಿಲ್ಲ.

ಹೀಗೆ ನಾಳೆಗಳು ಕಳೆಯುತ್ತಿದ್ದಾಗ ಅತ್ತೆಗೆ ದೇವರಮನೆ ಬೆಟ್ಟದ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿ ಬರಬೇಕೆನಿಸಿತು. ಮೂವರೂ ಹೊರಟೆವು. ಪೂಜೆ ಮುಗಿಸಿ, ಇನ್ನೂ ಮೇಲೆ ಹುಲ್ಲುಗಾವಲಿನ ಹತ್ತಿರ ಕಾರು ನಿಲ್ಲಿಸಿದೆವು. ಗಾಳಿ ಎಂದರೆ ಸೆರಗು ಹಿಡಿದುಕೊಳ್ಳುವುದೋ ನಮ್ಮನ್ನೇ ಹಿಡಿದುಕೊಳ್ಳುವುದೋ ಎನ್ನುವಷ್ಟು ಗಾಳಿ. ಮುಂದಿನ ಸೀಟಿನಲ್ಲಿದ್ದ ಅತ್ತೆ, ನಾನು ಇಳಿಯುವುದಿಲ್ಲ, ಒಳಗೇ ಕೂತು ರೇಡಿಯೋ ಕೇಳುತ್ತೇನೆ ಎಂದರು. ರೇಡಿಯೋ ಹಾಡಲೆಂದು ಕೀಯನ್ನು ಅಲ್ಲೇ ಅರ್ಧ ತಿರುಗಿಸಿ ಬಿಟ್ಟು, ನಾವಿಬ್ಬರೂ ಬುತ್ತಿಯ ಚೀಲ ಹಿಡಿದುಕೊಂಡು ಕೂರಲು ಗಾಳಿ ಬೀಸದ ಜಾಗ ನೋಡಲು ಹೋದೆವು. ಎಳೆ ಮಂಜು ಬಂದು ಹೋಯಿತು. ಆ ಮಂಜಿನಲ್ಲಿ ಒಂದೆರಡು ದನ ಕಾರಿನ ಹತ್ತಿರ ಬಂದು ಗಾಜಿಗೆ ಮೂತಿ ತಾಗಿಸಿವೆ. ಅತ್ತೆ ಹೆದರಿ, ನನ್ನ ಸೀಟಿನ ಕಡೆ ಬಾಗಿ, ಬಾಗಿಲಿನ ಮೇಲಿದ್ದ ಗುಬುಟನ್ನು ಒತ್ತಿಬಿಟ್ಟಿದ್ದಾರೆ. ಅದನ್ನು ಒತ್ತಿದರೆ ಎಲ್ಲ ಬಾಗಿಲೂ ಒಟ್ಟಿಗೆ ಲಾಕ್ ಆಗುತ್ತವೆ, ಒಳಗಿನ ಹಿಡಿಕೆ ಎಳೆದರೂ ತೆರೆಯುವುದಿಲ್ಲ. ಒತ್ತಿದರೆ ಒಳಗಿಳಿದು ಕೂರುವ ಗುಬುಟು ಅದು, ಮತ್ತೆ ಮೇಲಕ್ಕೆ ಎಳೆಯಲು ಅವರ ಬೆರಳಿಗೆ ಹಿಡಿಯೇ ಸಿಗಲಿಲ್ಲ.

ನಾವು ಬಂದು ನೋಡಿದರೆ ಒಳಗೆ ಅತ್ತೆ, ಒಳಗೇ ಕೀ, ಹೊರಗೆ ನಾವು. ಮೊದಲು ನಗು ಬಂತು. ಗಾಜಿನಾಚೆಯಿಂದ ಅವರೂ ನಕ್ಕರು. ಆಮೇಲೆ ನಮ್ಮವರ ಕಣ್ಣು ತಮ್ಮ ಕೈಯಲ್ಲಿದ್ದ ಬುತ್ತಿಯ ಚೀಲದ ಮೇಲೆ ಬಿತ್ತು. ಅತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚಿನ ಮಾತ್ರೆ ನುಂಗಿ ಆಗಿತ್ತು, ಊಟ ಹೊರಗಿತ್ತು. ಇನ್ನು ಸ್ವಲ್ಪ ಹೊತ್ತು ತಡವಾದರೆ ಏನಾಗುತ್ತದೆಂದು ನಮಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಕೀಯನ್ನು ಇನ್ನೊಂದು ಸುತ್ತು ತಿರುಗಿಸಿ ಗಾಜಿನ ಬಟನ್ ಒತ್ತಿ ಎಂದು ಕೈಸನ್ನೆ ಮಾಡಿದೆ. ಗಾಡಿ ಎಲ್ಲಾದರೂ ಹೊರಟುಬಿಟ್ಟರೆ ಎಂದು ಅವರು ಒಳಗಿನಿಂದಲೇ ಕೈ ಮುಗಿದರು. ಅವರ ಹಣೆಯ ಮೇಲೆ ಬೆವರು ಕಾಣತೊಡಗಿತು. ನೋಡನೋಡುತ್ತಾ ಪ್ರವಾಸಿಗರು ಸೇರಿಕೊಂಡರು. ಗಾಜು ಒಡೆಯಿರಿ ಎಂದು ಒಬ್ಬರು, ತಂತಿ ಇದೆಯಾ ಎಂದು ಇನ್ನೊಬ್ಬರು. ನಮ್ಮವರು ಕಲ್ಲು ಹುಡುಕಲು ಹೋದರು. ಅಷ್ಟರಲ್ಲಿ ನನಗೆ ಡ್ರೈವರ್ ಸೀಟಿನ ಬುಡದಲ್ಲಿರುವ ಹಿಡಿಕೆಗಳು ನೆನಪಾದವು. ಬಗ್ಗಿ, ಕೆಳಗೆ ಕೈ ಹಾಕಿ, ಎಳೆಯಿರಿ ಎಂದು ಗಾಜಿನೆದುರು ಅಭಿನಯಿಸಿ ತೋರಿಸಿದೆ. ಅವರು ಎಳೆದರು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿತು. ಇನ್ನೊಂದು ಎಂದೆ. ಅದನ್ನೂ ಎಳೆದರು. ಹಿಂದೆ ಡಿಕ್ಕಿ ಟಕ್ಕೆಂದು ಬಾಯಿ ಬಿಟ್ಟಿತು.

ಆಮೇಲಿನದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಡಿಕ್ಕಿಯ ತುಂಬ ಹೊಲಿದಿಟ್ಟ ಬ್ಲೌಸುಗಳ ಗಂಟುಗಳಿದ್ದವು. ಅವುಗಳ ಮೇಲೆ ತೆವಳಿ, ಹಿಂದಿನ ಸೀಟಿನ ತಲೆಯ ಮೇಲಿಂದ, ಸೀರೆಯುಟ್ಟ ನನ್ನ ಈ ದೇಹ ಒಳಗೆ ಹೋಗಬೇಕಿತ್ತು. ಅರ್ಧ ಹೋದ ಮೇಲೆ ಸಿಕ್ಕಿಕೊಂಡೆ. ನಮ್ಮವರು ಕಲ್ಲು ಎಸೆದು ಬಂದು ಹಿಂದಿನಿಂದ ತಳ್ಳಿದರು. ಬೆನ್ನಿನ ಮೇಲೆ ಪರ್‍ರೆಂದು ಸದ್ದಾಯಿತು. ನನ್ನ ಹೊಲಿಗೆ ಬಿಡುವುದೇ ಇಲ್ಲವೆಂದು ಊರೆಲ್ಲ ಹೇಳಿಕೊಂಡು ಬಂದಿದ್ದ ನನ್ನದೇ ಬ್ಲೌಸು, ಅಷ್ಟು ಜನರ ಮುಂದೆ, ನಡು ಬೆನ್ನಿಗೆ ಬಾಯಿ ಬಿಟ್ಟಿತು. ಹೇಗೋ ಒಳಗೆ ಉರುಳಿ, ಮುಂದಿನ ಗುಬುಟನ್ನು ಉಗುರಿನಿಂದ ಎತ್ತಿದೆ. ಬಾಗಿಲು ತೆರೆಯಿತು. ನಮ್ಮವರು ಬುತ್ತಿ ಬಿಚ್ಚಿ ಚಿತ್ರಾನ್ನದ ತುತ್ತನ್ನು ತಾಯಿಯ ಬಾಯಿಗಿಟ್ಟರು. ಯಾರೋ ಗುರುತಿಲ್ಲದ ಹೆಂಗಸು ತನ್ನ ಶಾಲು ತೆಗೆದು ನನ್ನ ಬೆನ್ನಿಗೆ ಹೊದಿಸಿ, ಮೆಲ್ಲಗೆ, ಎಲ್ಲಿ ಹೊಲಿಸಿದ್ದು ಎಂದು ಕೇಳಿದರು. ಪೇಟೆಯ ಇನ್ನೊಬ್ಬ ಟೈಲರ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಕೆಳಗೆ ದೇವಸ್ಥಾನ ಕಾಣುತ್ತಿತ್ತು, ನುಂಗಿಕೊಂಡೆ. ಆ ಶಾಲು ಇವತ್ತಿಗೂ ನನ್ನ ಹತ್ತಿರವೇ ಇದೆ. ವಾಪಸು ಕೊಡುವಷ್ಟರಲ್ಲಿ ಅವರ ವ್ಯಾನು ಹೊರಟುಹೋಗಿತ್ತು.

ಅತ್ತೆ ಎರಡು ತುತ್ತು ಇಳಿದ ಮೇಲೆ ನನ್ನ ಕೈ ಹಿಡಿದುಕೊಂಡರು. ಹೊಗಳಿಕೆ ಅವರ ಬಾಯಲ್ಲಿ ಅಪರೂಪ. ನನ್ನ ಅಡಿಗೆ ಚೆನ್ನಾಗಿದ್ದರೆ ಉಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ, ಅಷ್ಟೇ.

"ನೀನು ಹೆಂಗಾದ್ರೂ ಒಳಗೆ ಬರ್ತೀಯ ಅಂತ ಗೊತ್ತಿತ್ತು ಕಣೆ. ಅದಕ್ಕೇ ನಾನು ಹೆದರ್ಲಿಲ್ಲ" ಎಂದರು.

ದಾರಿಯುದ್ದಕ್ಕೂ ನನಗೆ ಹರಿದ ಬ್ಲೌಸಿನ ನೆನಪೇ ಆಗಲಿಲ್ಲ.

ಮನೆಗೆ ಬಂದ ಮೇಲೆ ನಮ್ಮವರು, ಇನ್ನು ಅನ್ವರ್ ಅವರ ನಾಳೆಗಳನ್ನು ನಂಬಿ ಕೂರುವುದು ಬೇಡ, ಮಲ್ಲಂದೂರಿಗೆ ಹೋಗಿ ಆ ಎರಡನೇ ಕೀ ಕೇಳಿಯೇಬಿಡೋಣ ಎಂದರು. ಮುಂದಿನ ರಜೆಯ ದಿನ ಹೋದೆವು. ಸುಬ್ಬೇಗೌಡರು ಜಗಲಿಯಲ್ಲಿದ್ದವರು ನಮಗಿಂತ ಮೊದಲು ಕಾರನ್ನು ಮಾತಾಡಿಸಿದರು. ಸುತ್ತ ಒಂದು ಸುತ್ತು ಬಂದು, ಬಾನೆಟ್ ಮೇಲೆ ಕೈಯಿಟ್ಟು, ಆಮೇಲೆ ಬನ್ನಿ ಬನ್ನಿ ಎಂದರು. ಕಾಫಿ ಬಂತು. ದೇವರಮನೆಯ ಕಥೆ ಹೇಳಿದೆವು. ನಮ್ಮವರು ನಿಧಾನಕ್ಕೆ ಎರಡನೇ ಕೀಯ ಮಾತೆತ್ತಿದರು. ಗೌಡರು, ಹುಡುಕುತ್ತಲೇ ಇದ್ದೇನೆ, ಇಷ್ಟು ದೊಡ್ಡ ಮನೆ ನೋಡಿ ಎಂದರು. ವಿಶಾಲಾಕ್ಷಿ ಬಾಗಿಲ ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದಳು. ಯಾಕೆಂದು ನನಗೆ ತಿಳಿಯಲಿಲ್ಲ. ಗೌಡರು ಮೀಸೆಗೆ ತಾಗಿದ ಕಾಫಿ ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ಎಳೆದರು. ಅದರ ಜೊತೆ ಏನೋ ಜಾರಿ ಕೆಂಪು ಗಾರೆ ನೆಲದ ಮೇಲೆ ಠಣ್ಣೆಂದು ಬಿತ್ತು. ಅದು ನಮ್ಮ ಕಾರಿನ ಕೀ. ಹಸುವಿನ ಗಂಟೆಯಿಲ್ಲದೆಯೂ ಎಲ್ಲರಿಗೂ ಕೇಳಿಸಿತು.

ಗೌಡರು ನೆಲ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿದ್ದವರಲ್ಲ. ಮುಖ ಕೆಂಪಾಗಿತ್ತು.

"ಜೇಬಲ್ಲಿ ಕೀ ಇಲ್ದೆ ಹೊಸಿಲು ದಾಟಿದ್ರೆ ಏನೋ ಮರ್ತು ಬಂದಂಗಾಗುತ್ತೆ ಕಣಮ್ಮ" ಎಂದರು. "ಗಾಡಿ ಓಡ್ಸದು ಬಿಟ್ಟಿದ್ದಕ್ಕೆ ಬೇಜಾರಿಲ್ಲ. ಕಣ್ಣು ಮಂಜಾಗಿದೆ, ಮಕ್ಕಳು ಹೇಳಿದ್ದು ಸರಿನೇ. ಆದ್ರೆ ಜೇಬು ಖಾಲಿ ಇದ್ರೆ ಕಾಲು ಮುಂದಕ್ಕೆ ಹೋಗಲ್ಲ. ತಗೋ, ನಿಂದು ನೀನು ತಗೋ."

ನಾನು ಬಗ್ಗಿ ಕೀಯನ್ನು ಎತ್ತಿಕೊಂಡೆ. ತಿಂಗಳುಗಟ್ಟಲೆ ನಾನು ಹಂಬಲಿಸಿದ ವಸ್ತು ಕೈಯಲ್ಲಿತ್ತು. ಅವರ ಜೇಬಿನ ಬಿಸಿ ಅದಕ್ಕೆ ಇನ್ನೂ ಅಂಟಿಕೊಂಡಿತ್ತು. ಅದನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಒಂದು ನಿಮ್ಮ ಹತ್ತಿರವೇ ಇರಲಿ ಗೌಡರೇ, ನಾನು ಕಳೆದುಕೊಳ್ಳುವವಳು, ಕಳೆದುಕೊಂಡ ದಿನ ನಿಮ್ಮ ಹತ್ತಿರವೇ ಓಡಿ ಬರಬೇಕಾಗುತ್ತದೆ ಎಂದೆ. ಅವರು ಒಳಗೆ ಹೋಗಿ, ಸೊಸೆಗೆ ಹೇಳಿ, ಒಂದು ಗೊನೆ ಬಾಳೆಹಣ್ಣು, ಜೇನಿನ ಬಾಟಲಿ, ಕಾಫಿಪುಡಿ, ಕಿತ್ತಳೆ ಎಲ್ಲ ಡಿಕ್ಕಿಗೆ ತುಂಬಿಸಿದರು. ವಾಪಸು ಬರುವಾಗ ನಮ್ಮವರು, ಕೀ ತರಲು ಹೋಗಿ ಬಾಳೆಗೊನೆ ತಂದ ಹೆಂಗಸನ್ನು ಇವತ್ತೇ ಕಂಡೆ ಎಂದರು. ಕಿತ್ತಳೆ ಮಾತ್ರ ಸುಲಿಸುಲಿದು ತಿನ್ನುತ್ತಿದ್ದರು.

ಮತ್ತೆ ಅನ್ವರ್ ಅವರೇ ಗತಿಯಾದರು. ಆಶ್ಚರ್ಯವೆಂದರೆ ಆ ವಾರ ಅವರೇ ಫೋನ್ ಮಾಡಿದರು. ಹಾಸನದ ಸ್ನೇಹಿತರು ಭಾನುವಾರ ಯಂತ್ರ ತರುತ್ತಿದ್ದಾರೆ, ಕಾರು ತನ್ನಿ, ಜೊತೆಗೆ ಆ ಕಾರಿಗೆ ಎಷ್ಟು ಕೀಗಳಿವೆಯೋ ಅಷ್ಟನ್ನೂ ತನ್ನಿ, ಹೊಸದಾಗಿ ಗುರುತು ಮಾಡುವಾಗ ಎದುರಿಗೆ ಇಲ್ಲದ ಕೀಯನ್ನು ಕಾರು ಮರೆತುಬಿಡುತ್ತದೆ, ಅದು ಸತ್ತಹಾಗೇ ಲೆಕ್ಕ ಎಂದರು. ನಾವು ಮೂವರೂ ಊಟಕ್ಕೆ ಕೂತು ಯೋಚಿಸಿದೆವು. ನಮ್ಮವರ ಮಾತು ನೇರವಾಗಿತ್ತು. ಗೌಡರು ಹೇಗೂ ಓಡಿಸುವುದಿಲ್ಲ. ಕೀ ಅವರ ಜೇಬಿನಲ್ಲಿ ಇರುತ್ತದೆ, ಅವರ ಕಾಲು ಮುಂದಕ್ಕೆ ಹೋಗುತ್ತದೆ, ಅದು ಕೆಲಸ ಮಾಡುವುದಿಲ್ಲವೆಂದು ಅವರಿಗೆ ತಿಳಿಯುವ ಅಗತ್ಯವಾದರೂ ಏನು? ಕೇಳಿದರೆ ಸರಿಯೆನಿಸುವ ಮಾತೇ. ಅದಕ್ಕಾಗಿ ಮಲ್ಲಂದೂರಿಗೆ ಹೋಗಿ ಬರುವುದೂ ಒಂದು ಕೆಲಸ. ನಾನೂ ಹೂಂ ಎನ್ನುವುದರಲ್ಲಿದ್ದೆ. ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಸತ್ತ ಕೀಲೀನ ಆ ಹಿರಿಯರ ಜೇಬಲ್ಲಿ ಇಟ್ಟು ತಿರುಗಾಡುಸ್ತೀಯೇನೋ?" ಎಂದು ಮಗನನ್ನು ಕೇಳಿದರು. "ಅವ್ರಿಗೆ ಗೊತ್ತಾಗದೆ ಇರ್ಬೋದು. ನಿನಗೆ ಗೊತ್ತಿರುತ್ತಲ್ಲ."

ಭಾನುವಾರ ಬೆಳಿಗ್ಗೆ ನಾನು ಸ್ನಾನ ಮಾಡಿ, ದೇವರ ಮನೆಯಿಂದ ಕೀ ಇಳಿಸಿಕೊಂಡು, ಅತ್ತೆಯನ್ನೂ ನಮ್ಮವರನ್ನೂ ಕೂರಿಸಿಕೊಂಡು ಮಲ್ಲಂದೂರಿಗೆ ಹೋದೆ. ವಿಷಯ ಹೇಳಿದ್ದೇ ತಡ, ಗೌಡರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮುಂದಿನ ಸೀಟಿನಲ್ಲಿ ಕೂತರು. ಚಿಕ್ಕಮಗಳೂರಿನವರೆಗೂ ನಾನು ಗೇರ್ ಬದಲಿಸಿದಾಗಲೆಲ್ಲ ಅವರ ಎಡಗಾಲು ತಾನಾಗಿ ಕ್ಲಚ್ ಒತ್ತುತ್ತಿತ್ತು. ಎರಡನೇ ಗೇರಿನಲ್ಲಿ ಒಮ್ಮೆ ಕರಕರ ಎಂದಾಗ ಕಣ್ಣು ಮುಚ್ಚಿಕೊಂಡರು, ಬಾಯಿ ಬಿಡಲಿಲ್ಲ. ಆ ಸಂಯಮಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹಾಸನದ ಯಂತ್ರವೆಂದರೆ ನಾನು ಹಿಟ್ಟಿನ ಗಿರಣಿಯಷ್ಟು ದೊಡ್ಡದನ್ನು ಕಲ್ಪಿಸಿಕೊಂಡಿದ್ದೆ. ಅದು ಶಾಲೆಯ ಸ್ಲೇಟಿನಷ್ಟಿತ್ತು. ಅದರ ಬಾಲವನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ ಸ್ನೇಹಿತರು ಒತ್ತುತ್ತಾ ಹೋದರು. ನನ್ನ ಕೀ, ಗೌಡರ ಕೀ, ಹೊಸದಾಗಿ ಕೊರೆದ ಕೀ, ಒಂದೊಂದನ್ನೂ ಹಾಕಿ ತೆಗೆದರು. ಯಂತ್ರ ಮೊದಲು ಒಪ್ಪಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರು. ಅನ್ವರ್ ನಮಗೆಲ್ಲ ಚಹಾ ತರಿಸಿ, ಅತ್ತೆಗೆ ತಮ್ಮ ಸ್ಟೂಲು ಬಿಟ್ಟುಕೊಟ್ಟು, ತಾವು ಬಿಸಿಲಿನಲ್ಲಿ ನಿಂತರು. ಅತ್ತೆಗೆ ಸಕ್ಕರೆ ಕಾಯಿಲೆಯೆಂದು ತಿಳಿದು, ಸಕ್ಕರೆ ಹಾಕಬೇಡ ಎಂದು ಚಹಾದಂಗಡಿಗೇ ಹೋಗಿ ಹೇಳಿಬಂದವರೂ ಅವರೇ. ಅಂತೂ ಮೂರು ಕೀಗಳೂ ಕಾರಿನ ನೆಂಟರಾದವು ಎನ್ನುವಷ್ಟರಲ್ಲಿ, ಅಷ್ಟು ಹೊತ್ತು ಕೀ ತಿರುಗಿಸಿಟ್ಟದ್ದರಿಂದ ಬ್ಯಾಟರಿ ಇಳಿದುಹೋಗಿತ್ತು. ಗುರುತು ಸಿಕ್ಕಿದರೂ ಕಾರಿಗೆ ಏಳಲು ತ್ರಾಣವಿರಲಿಲ್ಲ. ತಳ್ಳಿ ಸ್ಟಾರ್ಟ್ ಮಾಡಬೇಕೆಂದರು. ಹಾಗೆ ಸ್ಟಾರ್ಟ್ ಮಾಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಅನ್ವರ್, ಸ್ನೇಹಿತರು, ನಮ್ಮವರು ಹಿಂದೆ ನಿಂತರು. ಇನ್ನೊಬ್ಬರು ಕೈ ಕೊಟ್ಟರೆ ಆಗುತ್ತದೆ ಎಂದರು. ಎಲ್ಲರ ಕಣ್ಣೂ ನನ್ನ ಮೇಲೂ ಗೌಡರ ಮೇಲೂ ಹೋಗಿ ಬಂದವು.

"ತಳ್ಳಕ್ಕೆ ನನ್ನ ಕೈಲಾಗಲ್ಲ" ಎಂದರು ಗೌಡರು ತಗ್ಗಿದ ದನಿಯಲ್ಲಿ. "ಕೂರಕ್ಕಾಗುತ್ತೆ."

ಗಲ್ಲಿ ಭಾನುವಾರದ ಮಟ್ಟಿಗೆ ಖಾಲಿಯಿತ್ತು, ನೆಟ್ಟಗಿತ್ತು. ನಾನು ಹೂಂ ಎಂದೆ. ಅವರು ಡ್ರೈವರ್ ಸೀಟಿನಲ್ಲಿ ಕೂತು, ಜೇಬಿನಿಂದ ತಮ್ಮದೇ ಕೀ ತೆಗೆದು ಹಾಕಿದರು. ನಾವು ತಳ್ಳಿದೆವು. ನನ್ನ ಹೊಸ ಬ್ಲೌಸಿನ ಬೆನ್ನಿನ ಬಗ್ಗೆ ನನಗೆ ಒಳಗೊಳಗೇ ಅಳುಕಿತ್ತು, ಆದರೆ ಅದು ಮಾನ ಉಳಿಸಿತು. ಸ್ವಲ್ಪ ದೂರ ಉರುಳಿದ ಮೇಲೆ ಗೌಡರು ಕ್ಲಚ್ ಬಿಟ್ಟರು. ಎರಡನೇ ಗೇರು ಬೆಣ್ಣೆಯಂತೆ ಬಿತ್ತು. ಕಾರು ಒಮ್ಮೆ ಕೆಮ್ಮಿ, ಎದ್ದು, ಹೊರಟಿತು. ಹೊರಟದ್ದು ನಿಲ್ಲಲಿಲ್ಲ. ಗಲ್ಲಿಯ ಕೊನೆಯವರೆಗೂ ಹೋಗಿ, ತಿರುವಿನಲ್ಲಿ ಸೂಚನೆಯ ದೀಪ ಹಾಕಿ, ಮರೆಯಾಯಿತು. ನಾವು ನಾಲ್ವರೂ ತಳ್ಳುವ ಭಂಗಿಯಲ್ಲೇ ನಿಂತಿದ್ದೆವು. ಗೌಡರ ಮಗನಿಗೆ ಹೇಳಬೇಕಾದ ಉತ್ತರವನ್ನು ನಾನು ಮನಸ್ಸಿನಲ್ಲೇ ಜೋಡಿಸತೊಡಗಿದೆ. ನಮ್ಮವರು ಆ ಕಡೆ ಎಲ್ಲೂ ಕಾಫಿ ಕಣ ಇಲ್ಲವಲ್ಲ ಎಂದು ಅನ್ವರನ್ನು ಕೇಳಿದರು. ಅತ್ತೆ ಮಾತ್ರ ಸ್ಟೂಲಿನ ಮೇಲೆ ನಿಶ್ಚಿಂತೆಯಿಂದ ಚಹಾ ಕುಡಿಯುತ್ತಿದ್ದರು. ಕಡೆಗೆ ಗಲ್ಲಿಯ ಇನ್ನೊಂದು ಬಾಯಿಂದ ಕಾರು ಬಂತು. ನಿಧಾನಕ್ಕೆ, ಗಂಭೀರವಾಗಿ, ನಮ್ಮ ಕಾಲ ಬಳಿ ನಿಂತಿತು. ಗೌಡರು ಇಳಿದು ಕೀಯನ್ನು ತಮ್ಮ ಜೇಬಿಗೆ ಹಾಕಿಕೊಂಡು, ಬ್ಯಾಟರಿ ಸ್ವಲ್ಪ ಚಾರ್ಜ್ ಆಗಲಿ ಅಂತ ಒಂದು ಸುತ್ತು ಹೋಗಿ ಬಂದೆ ಎಂದರು. ಅವರ ಮುಖ ನೋಡಿದ ಯಾರಿಗೂ ಬೈಯುವ ಮನಸ್ಸಾಗುತ್ತಿರಲಿಲ್ಲ. ವಾಪಸು ದಾರಿಯಲ್ಲಿ ಅವರು ಕ್ಲಚ್ ಒತ್ತಲಿಲ್ಲ. ಮಕ್ಕಳ ಹಾಗೆ ನಿದ್ದೆ ಹೋಗಿದ್ದರು.

ಈಗ ಹೊಸ ಕೀ ನನ್ನ ವ್ಯಾನಿಟಿ ಬ್ಯಾಗಿನಲ್ಲಿರುತ್ತದೆ. ಗಂಟೆಯ ಕೀ ದೇವರ ಮನೆಯಲ್ಲೇ ಇದೆ, ಅತ್ತೆ ಅದಕ್ಕೆ ದಿನವೂ ಒಂದು ಹೂವು ಏರಿಸುತ್ತಾರೆ. ಸ್ನಾನಕ್ಕೂ ಕಾರಿಗೂ ಇದ್ದ ಸಂಬಂಧ ಕಡಿದುಹೋಗಿ ನಾನು ಸುಖವಾಗಿದ್ದೇನೆ. ಯಾರ ಯಾರ ದಯೆಯಿಂದ ಈ ಸುಖ ಬಂತೆಂದು ಕೆಲವೊಮ್ಮೆ ಹೊಲಿಗೆ ಮಿಷನ್ ತುಳಿಯುತ್ತಾ ಕೂತಾಗ ಎಣಿಸಲು ಹೊರಡುತ್ತೇನೆ. ಎಣಿಕೆ ಮುಗಿಯುವ ಮೊದಲು ದಾರ ಕಡಿದುಹೋಗುತ್ತದೆ.

ಮೊನ್ನೆ ಅಂಗಡಿಯ ಬಾಗಿಲು ಹಾಕಿ ಹೊರಗೆ ಬಂದಾಗ ಕಾರು ಯಾಕೋ ಬೇರೆ ಥರ ಕಂಡಿತು. ಹತ್ತಿರ ಹೋಗಿ ನೋಡಿದರೆ ಚರಂಡಿಯ ಅಂಚಿಗೆ ಸಮನಾಗಿ, ಹಿಂದೆ ಮುಂದೆ ಅಳತೆ ಹಿಡಿದ ಹಾಗೆ, ನೆಟ್ಟಗೆ ನಿಂತಿದೆ. ಸೀಟು ಹಿಂದಕ್ಕೆ ಸರಿದಿದೆ. ಕನ್ನಡಿ ಎತ್ತರಕ್ಕೆ ತಿರುಗಿದೆ. ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಸುಬ್ಬೇಗೌಡರು ಕೈ ಒರೆಸಿಕೊಳ್ಳುತ್ತಾ ಬಂದರು. ಸೊಸೆಯ ತವರಿಗೆ ಬಂದವರು ನನ್ನನ್ನು ನೋಡಿ ಹೋಗೋಣವೆಂದು ಬಂದಿದ್ದರಂತೆ.

"ಎಂಥ ಓರೆ ನಿಲ್ಸಿದ್ದೆ ಮಾರಾಯ್ತಿ" ಎಂದರು, ಬೇಸರದಿಂದಲ್ಲ, ಕನಿಕರದಿಂದ. "ನೋಡಕ್ಕಾಗ್ಲಿಲ್ಲ. ಸರಿ ಮಾಡಿಟ್ಟೆ."

ಹೊಲಿಗೆ ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುವ ಜಾತಿ ನನ್ನದು. ನಾಚಿಕೆಯಾಗಬೇಕಿತ್ತು, ಆ ಕ್ಷಣಕ್ಕೆ ಆಯಿತು ಕೂಡ. ಆದರೆ ಕಾರು ನಿಲ್ಲಿಸುವುದನ್ನು ಕಲಿಯಬೇಕೆಂಬ ಛಲವೇನೂ ಇನ್ನೂ ಹುಟ್ಟಿಲ್ಲ. ಪೇಟೆಯಲ್ಲಿ ಎಲ್ಲೋ ಓರೆಯಾಗಿ ನಿಲ್ಲಿಸಿ, ಗಂಟು ಎತ್ತಿಕೊಂಡು ಹೊರಡುವಾಗ ಒಮ್ಮೆ ತಿರುಗಿ ನೋಡುತ್ತೇನೆ, ಇರಲಿ ಬಿಡು ಎಂದುಕೊಳ್ಳುತ್ತೇನೆ. ಜಿಲ್ಲೆಯಲ್ಲಿ ಇನ್ನೊಂದು ಕೀ ಓಡಾಡುತ್ತಿದೆ.